ಸರೋವರದ ಸುತ್ತ ಕೈವಾರ ಹಿಡಿದು ಗೆರೆ ಎಳೆಯಬೇಡಿ: ಕೆರೆ, ಜಲಾಶಯ, ಗುಡ್ಡಗಳ ಉಸ್ತುವಾರಿ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸರೋವರದ ಸುತ್ತ ಸೈಕಲ್ ದಾರಿ ಬೇಕು ಎಂಬ ಅರ್ಜಿ ಬಂದ ಕೂಡಲೇ ಕಚೇರಿಯಲ್ಲಿ ಸಿದ್ಧವಾಗುವ ನಕ್ಷೆ ಸಾಮಾನ್ಯವಾಗಿ ಒಂದೇ ಥರ ಇರುತ್ತದೆ. ನಡುವೆ ನೀಲಿ, ಅದರ ಅಂಚಿಗೆ ಅಂಟಿಕೊಂಡು ಒಂದು ಕೆಂಪು ಗೆರೆ. ಅಗಲ ಮೂರು ಮೀಟರ್, ಮೇಲೆ ಕಾಂಕ್ರೀಟು, ಪಕ್ಕಕ್ಕೆ ಕಂಬಿ, ಅಷ್ಟಷ್ಟು ದೂರಕ್ಕೊಂದು ದೀಪದ ಕಂಬ. ಸುತ್ತಲಿನ ದಿಣ್ಣೆ, ತಗ್ಗು, ಹುಲ್ಲುಗಾವಲು, ಕುರುಚಲು ಕಾಡು ಇವೆಲ್ಲ ಆ ನಕ್ಷೆಯಲ್ಲಿ ಹೆಸರಿಗೂ ಇರುವುದಿಲ್ಲ. ಮೌಂಟನ್ ಬೈಕ್, ಅಂದರೆ ಗುಡ್ಡದ ಮಣ್ಣುದಾರಿಗೆಂದೇ ಮಾಡಿದ ಸೈಕಲ್ ತುಳಿಯುವವನಾಗಿ, ಬಿಡುವಾದಾಗ ಗುದ್ದಲಿ ಹಿಡಿದು ಅದೇ ದಾರಿಗಳ ರಿಪೇರಿಗೆ ಹೋಗುವವನಾಗಿ ಈ ಪತ್ರ ಬರೆಯುತ್ತಿರುವುದು ಆ ಕೆಂಪು ಗೆರೆಯ ಬಗ್ಗೆ. ಕೋರಿಕೆ ಇಷ್ಟೇ: ದಾರಿಯನ್ನು ನೀರಿನ ಅಂಚಿನಿಂದ ಎತ್ತಿ ಗುಡ್ಡದ ಮೈಮೇಲೆ ಹಾಕಿ. ಸರೋವರದ ಬಳಿಗೆ ನಾವು ಆಗಾಗ ಇಳಿದು ಬರುತ್ತೇವೆ. ದಾರಿಯುದ್ದಕ್ಕೂ ಅದರ ಪಕ್ಕದಲ್ಲೇ ಇರಬೇಕೆಂಬ ಹಟ ನಮಗಿಲ್ಲ.

ಸೈಕಲ್‌ನವರೇ ಸಮತಟ್ಟು ದಾರಿ ಬೇಡ ಅನ್ನುತ್ತಾರಲ್ಲ ಎಂದು ಹುಬ್ಬೇರಿಸಬೇಡಿ. ಎಲ್ಲ ಸೈಕಲ್‌ನವರೂ ಹಾಗನ್ನುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದವರಿಗೆ, ಈಗಷ್ಟೇ ಕಲಿಯುತ್ತಿರುವವರಿಗೆ ಸಮತಟ್ಟು ದಾರಿ ಬೇಕೇ ಬೇಕು. ಇಂಗ್ಲೆಂಡಿನ ರಟ್ಲೆಂಡ್ ವಾಟರ್ ಜಲಾಶಯದ ಸುತ್ತಲಿನ ದಾರಿ ಅಂಥದ್ದು. ಉತ್ತರದ ಕೀಲ್ಡರ್ ಜಲಾಶಯದ ಸುತ್ತ ಹೋಗುವ ಸುಮಾರು 42 ಕಿ.ಮೀ. ಉದ್ದದ ಲೇಕ್‌ಸೈಡ್ ವೇ ನಡೆಯುವವರು, ಸೈಕಲ್‌ನವರು, ಕುದುರೆ ಸವಾರರು ಎಲ್ಲರೂ ಬಳಸುವ ದಾರಿ. ಎರಡೂ ಚೆನ್ನಾಗಿವೆ, ಅವುಗಳ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಅಂಥ ದಾರಿಯೊಂದನ್ನು ಮಾಡಿಸಿ 'ಮೌಂಟನ್ ಬೈಕ್ ಟ್ರೇಲ್ ಕೊಟ್ಟಿದ್ದೇವೆ, ಇನ್ನು ಗುಡ್ಡಕ್ಕೆ ಹೋಗಬೇಡಿ' ಎಂದು ಫಲಕ ನೆಟ್ಟರೆ ಏನಾಗುತ್ತದೆ ಎಂಬುದನ್ನು ಹಲವು ಕಡೆ ನೋಡಿದ್ದೇವೆ. ಹೊಸ ದಾರಿಯಲ್ಲಿ ಸವಾರರು ಎರಡು ಸುತ್ತು ಹೊಡೆದು ಬೇಸರಪಡುತ್ತಾರೆ. ಆಮೇಲೆ ಫಲಕದ ಹಿಂದಿನಿಂದಲೇ ಒಂದು ಕಳ್ಳದಾರಿ ಗುಡ್ಡಕ್ಕೆ ಹತ್ತಿರುತ್ತದೆ. ಅದನ್ನು ಹಾಕಿದವರಿಗೆ ಮಣ್ಣಿನ ಲೆಕ್ಕ, ನೀರಿನ ಲೆಕ್ಕ ಯಾವುದೂ ಗೊತ್ತಿರುವುದಿಲ್ಲ. ನಿಮಗೂ ಕೆಟ್ಟ ಹೆಸರು, ನಮಗೂ ಕೆಟ್ಟ ಹೆಸರು.

ದೊಡ್ಡ ಸರೋವರಗಳ ಬಳಿ ಹೆಸರು ಮಾಡಿದ ದಾರಿಗಳನ್ನು ಒಮ್ಮೆ ನಕ್ಷೆಯಲ್ಲಿ ಬಿಡಿಸಿ ನೋಡಿ. ನ್ಯೂಜಿಲೆಂಡಿನ ಟೌಪೊ ಸರೋವರದ ಗ್ರೇಟ್ ಲೇಕ್ ಟ್ರೇಲ್ 71 ಕಿ.ಮೀ. ಉದ್ದವಿದೆ, ಆದರೂ ಅದು ಸರೋವರವನ್ನು ಸುತ್ತುವುದಿಲ್ಲ. ವಾಯವ್ಯ ದಂಡೆಯ ಕಡೆಯಷ್ಟೇ ಹೋಗುತ್ತದೆ. ಅಲ್ಲೂ ಒಂದೇ ಸಮನೆ ನೀರಿಗೆ ಅಂಟಿಕೊಳ್ಳದೆ ಕಾಡಿನೊಳಗೆ ಏರುತ್ತದೆ, ದಂಡೆಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ಅಮೆರಿಕದ ಟಾಹೊ ಸರೋವರದ ಸುತ್ತಲಿನ ಟಾಹೊ ರಿಮ್ ಟ್ರೇಲ್ 250 ಕಿ.ಮೀ.ಗೂ ಹೆಚ್ಚು ಉದ್ದ. ಸರೋವರದ ಸುತ್ತ ಎಂದರೂ ಅದು ಬಹುಪಾಲು ಸಾಗುವುದು ಮೇಲಿನ ಬೆಟ್ಟಸಾಲಿನ ನೆತ್ತಿಯಲ್ಲಿ. ಅದರ ಕೆಲವು ಭಾಗಗಳು 1964ರ ವೈಲ್ಡರ್‌ನೆಸ್ ಕಾಯ್ದೆಯಡಿ ಕಾದಿಟ್ಟ ಕಾಡಿನೊಳಗಿರುವುದರಿಂದ ಅಲ್ಲಿ ಸೈಕಲ್ಲಿಗೆ ಪ್ರವೇಶವೇ ಇಲ್ಲ. ಅಂದರೆ ಸೈಕಲ್ಲಿನಲ್ಲಿ ಆ ದಾರಿಯ ಪೂರ್ತಿ ಸುತ್ತು ಹಾಕಲು ಬರುವುದಿಲ್ಲ. ಹಾಗಂತ ಅಲ್ಲಿಗೆ ಹೋಗುವ ಸವಾರರು ಕಡಿಮೆಯಾಗಿಲ್ಲ. ಸುತ್ತು ಪೂರ್ತಿಯಾಗಬೇಕು ಎಂಬುದು ನಕ್ಷೆ ಬರೆಯುವವರ ಆಸೆ. ತುಳಿಯುವವನಿಗೆ ಬೇಕಾದದ್ದು ಒಳ್ಳೆಯ ಏರು, ಒಳ್ಳೆಯ ಇಳಿತ, ನಡುನಡುವೆ ನೀರು ಕಾಣುವ ತಿರುವು.

ಅದೇ ಟಾಹೊದ ಪೂರ್ವ ದಂಡೆಯ ಮೇಲೆ ಫ್ಲೂಮ್ ಟ್ರೇಲ್ ಎಂಬ ದಾರಿಯಿದೆ. ನಮ್ಮ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಹತ್ತೊಂಬತ್ತನೇ ಶತಮಾನದಲ್ಲಿ ನೆವಾಡಾ ರಾಜ್ಯದ ವರ್ಜೀನಿಯಾ ಸಿಟಿ ಎಂಬ ಊರಿನ ಬೆಳ್ಳಿ ಗಣಿಗಳ ಕಡೆಗೆ ನೀರು ಸಾಗಿಸಲು ಬೆಟ್ಟದ ಮೈಯಲ್ಲಿ ಕಾಲುವೆ ಹಾಕಿದ್ದರು. ಕಾಲುವೆ ಎಂದ ಮೇಲೆ ಅದರ ಇಳಿಜಾರು ತೀರಾ ಕಡಿಮೆ ಇರಲೇಬೇಕು, ಬೆಟ್ಟ ಮಡಿಚಿದ ಕಡೆ ತಾನೂ ಮಡಿಚಿಕೊಳ್ಳಬೇಕು. ಗಣಿ ಮುಗಿಯಿತು, ಕಾಲುವೆ ಹೋಯಿತು, ಆ ಗೆರೆ ಉಳಿಯಿತು. ಇವತ್ತು ಸೈಕಲ್‌ನವರು ಸರೋವರವನ್ನು ನೂರಾರು ಮೀಟರ್ ಕೆಳಗೆ ನೋಡುತ್ತ ಹೋಗುವುದು ಆ ಗೆರೆಯ ಮೇಲೆಯೇ. ನೀರನ್ನು ಅರ್ಥಮಾಡಿಕೊಂಡವರು ಹಾಕಿದ ದಾರಿ ಎಷ್ಟು ಕಾಲ ಬಾಳುತ್ತದೆ ನೋಡಿ.

ಗುಡ್ಡದ ದಾರಿಯ ವಿಚಾರದಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ನೀರು. ಟೈರು ಆಮೇಲೆ. ಮಣ್ಣಿನ ದಾರಿಯನ್ನು ಕೊಲ್ಲುವುದು ಅದರ ಮೇಲೆಯೇ ಹರಿಯುವ ನೀರು. ದಾರಿ ಹರಿವಿನ ದಿಕ್ಕಿನಲ್ಲೇ, ಅಂದರೆ ನೆತ್ತಿಯಿಂದ ತಳಕ್ಕೆ ನೇರವಾಗಿ ಇಳಿದರೆ ಅದು ದಾರಿಯಾಗಿ ಉಳಿಯುವುದಿಲ್ಲ. ಎರಡು ಮಳೆಗಾಲದಲ್ಲಿ ಕೊರಕಲಾಗುತ್ತದೆ. ನಾವು ಕೆಲಸ ಮಾಡಿದ ಒಂದು ಗುಡ್ಡದಲ್ಲಿ ಅಂಥ ಹಳೆಯ ದಾರಿಯೊಂದಿತ್ತು. ಮೊಣಕಾಲಿನ ಆಳಕ್ಕೆ ಕೊರೆದು ಹೋಗಿತ್ತು, ಎರಡೂ ಬದಿಯಲ್ಲಿ ಮರದ ಬೇರು ತೊಳೆದಿಟ್ಟ ಹಾಗೆ ಹೊರಬಿದ್ದಿತ್ತು, ತಳದಲ್ಲಿ ಬರೀ ಉರುಟುಕಲ್ಲು. ಅದರಲ್ಲಿ ಹೋಗಲಾರದೆ ಪಕ್ಕದ ಹುಲ್ಲಿನ ಮೇಲೆ ಎರಡನೇ ಗೆರೆ ಬಿದ್ದಿತ್ತು. ಅದೂ ಕೊರೆದ ಮೇಲೆ ಮೂರನೆಯದು. ದೂರದಿಂದ ನೋಡಿದವರು 'ಸೈಕಲ್‌ನವರು ಗುಡ್ಡ ಹಾಳು ಮಾಡಿದರು' ಅನ್ನುತ್ತಿದ್ದರು. ಆ ಮೊದಲ ಗೆರೆ ನಮಗಿಂತ ಬಹಳ ಹಳೆಯದು. ಯಾರೋ ಅವಸರದಲ್ಲಿ ನೇರವಾಗಿ ಹತ್ತಿದ ಕಾಲುದಾರಿ.

ಇದಕ್ಕೆ ಮದ್ದು ಗುಟ್ಟಿನದೇನಲ್ಲ. 1988ರಲ್ಲಿ ಶುರುವಾದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ (ಇಂಬಾ) ದಾರಿ ಕಡಿಯುವವರಿಗೆ ಹೇಳಿಕೊಡುವ ಪಾಠ ಇದೇ. ದಾರಿ ಗುಡ್ಡದ ಇಳಿಜಾರಿಗೆ ಅಡ್ಡಲಾಗಿ, ಕಾಂಟೂರ್ ಗೆರೆಯನ್ನು (ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಹಿಡಿದು ಸಾಗಬೇಕು. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಾಗಬಾರದು. ಗುಡ್ಡ ಶೇ 16ರಷ್ಟು, ಅಂದರೆ ನೂರು ಮೀಟರಿಗೆ 16 ಮೀಟರ್ ವಾಲಿದ್ದರೆ ದಾರಿ ಶೇ 8ನ್ನು ಮೀರಬಾರದು. ಮೀರಿದರೆ ನೀರು ದಾರಿಯನ್ನು ದಾಟುವ ಬದಲು ದಾರಿಯನ್ನೇ ಹಿಡಿದುಕೊಂಡು ಇಳಿಯುತ್ತದೆ. ಗುಡ್ಡ ಎಷ್ಟೇ ಕಡಿದಾಗಿರಲಿ, ದಾರಿಯ ಸರಾಸರಿ ಏರು ಶೇ 10ರ ಒಳಗಿರಲಿ. ದಾರಿಯ ಮೈ ಹೊರಬದಿಗೆ ಸುಮಾರು ಶೇ 5ರಷ್ಟು ವಾಲಿರಲಿ. ಇವೆಲ್ಲದರ ಜೊತೆಗೆ, ನನ್ನ ಮಟ್ಟಿಗೆ ಇದೇ ಮುಖ್ಯ, ಇಳಿಯುತ್ತಿರುವ ದಾರಿ ಸ್ವಲ್ಪ ಸ್ವಲ್ಪ ದೂರಕ್ಕೊಮ್ಮೆ ಒಂದು ತಗ್ಗು ಮಾಡಿ ಮತ್ತೆ ಗೇಣಷ್ಟಾದರೂ ಮೇಲೇರಬೇಕು.

ಈ ತಗ್ಗು ಏನು ಮಾಡುತ್ತದೆ ಎಂಬುದನ್ನು ಜೋರು ಮಳೆಯಲ್ಲಿ ನಿಂತೇ ನೋಡಬೇಕು. ಮೇಲಿನಿಂದ ಕೆಂಚು ನೀರು ಅಂಗೈ ಅಗಲಕ್ಕೆ ದಾರಿಯ ಮೇಲೆ ಜಾರಿ ಬರುತ್ತದೆ. ತಗ್ಗಿಗೆ ಬಂದು ಮುಂದೆ ಏರಿರುವುದರಿಂದ ತಡೆಯುತ್ತದೆ, ಹೊರಬದಿಗೆ ಹೊರಳುತ್ತದೆ, ಹುಲ್ಲಿನೊಳಗೆ ನುಗ್ಗಿ ವೇಗ ಕಳೆದುಕೊಂಡು ತಾನು ಹೊತ್ತು ತಂದ ಮಣ್ಣನ್ನು ಅಲ್ಲೇ ಬೀಸಣಿಗೆಯಂತೆ ಹರಡಿ ಬಿಡುತ್ತದೆ. ಮುಂದಿನ ತಗ್ಗಿನವರೆಗೂ ದಾರಿ ಬರೀ ಒದ್ದೆ, ಅಷ್ಟೇ. ಮೋರಿ ಬೇಡ, ಪೈಪು ಬೇಡ, ಕಲ್ಲುಕಟ್ಟಡ ಬೇಡ. ಹುಲ್ಲಿನಲ್ಲಿ ನಿಂತ ಆ ಹಿಡಿ ಮಣ್ಣು ನಿಮ್ಮ ಸರೋವರದ ಹೂಳಾಗದೆ ಉಳಿದ ಮಣ್ಣು ಎಂಬುದನ್ನು ಜಲಾಶಯ ನೋಡಿಕೊಳ್ಳುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ತಮಾಷೆಯೆಂದರೆ, ನೀರಿಗಾಗಿ ಮಾಡುವ ಈ ಏರಿಳಿತವೇ ಸವಾರನಿಗೆ ಹಬ್ಬ. ತಗ್ಗಿನಲ್ಲಿ ಮೈ ಕೆಳಗೊತ್ತಿ, ಏರಿನಲ್ಲಿ ಹಗುರ ಮಾಡಿಕೊಂಡರೆ ಪೆಡಲ್ ತುಳಿಯದೆಯೇ ಸೈಕಲ್ ಮುಂದೆ ಜಿಗಿಯುತ್ತದೆ. ಉಬ್ಬುತಗ್ಗಿನ ನಾಡು ಮೌಂಟನ್ ಬೈಕಿಗೆ ಇಷ್ಟು ಹೊಂದುವುದು ಇದರಿಂದಲೇ. ಆಲ್ಪ್ಸ್ ಎತ್ತರದ ಬೆಟ್ಟವೇ ಬೇಕೆಂದೇನಿಲ್ಲ. ಐವತ್ತು ಅರುವತ್ತು ಮೀಟರ್ ಎತ್ತರದ ದಿಣ್ಣೆಗಳು ನಾಲ್ಕಾರು ಸಾಲಾಗಿದ್ದರೆ ಅವುಗಳ ಮಡಿಕೆಯಲ್ಲಿ ಸುತ್ತಿ ಬಳಸಿ ಹೋಗುವ ದಾರಿ ಅರ್ಧ ದಿನಕ್ಕೆ ಧಾರಾಳ ಸಾಕು. ಸಮತಟ್ಟು ಜಾಗದ್ದೇ ದೊಡ್ಡ ತಲೆನೋವು. ಅಲ್ಲಿ ನೀರಿಗೆ ಹೊರಹೋಗಲು ದಾರಿಯಿಲ್ಲ, ನಿಂತಲ್ಲೇ ಕೊಳೆಯುತ್ತದೆ, ದಾರಿ ಕೆಸರಾಗುತ್ತದೆ, ಜನ ಕೆಸರು ತಪ್ಪಿಸಲು ಪಕ್ಕಕ್ಕೆ ಸರಿಯುತ್ತಾರೆ, ಒಂದು ಮೀಟರಿನ ದಾರಿ ಐದು ಮೀಟರಾಗುತ್ತದೆ. ಸರೋವರದ ಅಂಚು ಇಂಥ ಸಮತಟ್ಟು ಜಾಗವೇ ಅಲ್ಲವೇ? ಅದಕ್ಕೇ ಅಲ್ಲಿ ಕಾಂಕ್ರೀಟು ಸುರಿಯಬೇಕಾಗುತ್ತದೆ.

ದಂಡೆ ಬಿಡಿ ಎನ್ನಲು ಇನ್ನೊಂದು ಕಾರಣವಿದೆ, ಅದು ನಮ್ಮ ಲಾಭದ್ದಲ್ಲ. ನೀರು ಮತ್ತು ನೆಲ ಸೇರುವ ಆ ತೆಳುವಾದ ಪಟ್ಟಿಯಲ್ಲೇ ಜೊಂಡು ಬೆಳೆಯುವುದು, ಮೀನು ಮೊಟ್ಟೆಯಿಡುವುದು, ನೀರುಹಕ್ಕಿ ಗೂಡು ಕಟ್ಟುವುದು. ಅದರ ಪಕ್ಕದಲ್ಲಿ ದಿನವಿಡೀ ಜನ ಓಡಾಡಿದರೆ ಹಕ್ಕಿ ಮೊಟ್ಟೆ ಬಿಟ್ಟು ಮತ್ತೆ ಮತ್ತೆ ಏಳುತ್ತದೆ. ಹಾಗಾಗಿ ದಾರಿ ಹಿಂದೆ ಸರಿಯಲಿ, ನಡುವೆ ಪೊದೆಯಿರಲಿ. ಬಂಡೆಯಿರುವ, ಗಟ್ಟಿ ನೆಲವಿರುವ ಮೂರು ನಾಲ್ಕು ಕಡೆ ಮಾತ್ರ ಮುಖ್ಯದಾರಿಯಿಂದ ಒಂದು ಕವಲು ನೀರಿನವರೆಗೆ ಬಂದು ಅಲ್ಲೇ ನಿಲ್ಲಲಿ. ಜನ ಇಳಿದು ಕೂರುತ್ತಾರೆ, ಫೋಟೊ ತೆಗೆಯುತ್ತಾರೆ, ಹಿಂದಕ್ಕೆ ಹೋಗುತ್ತಾರೆ. ಗೂಡು ಕಟ್ಟುವ ತಿಂಗಳಲ್ಲಿ ಒಂದು ಕವಲು ಮುಚ್ಚಬೇಕಾದರೆ ಒಂದು ಗೇಟು ಹಾಕಿದರಾಯಿತು, ಇಡೀ ಸುತ್ತನ್ನು ಬಂದ್ ಮಾಡಬೇಕಿಲ್ಲ. ತೊರೆ ಬಂದು ಸೇರುವ ಜೌಗಿನಲ್ಲಿ ಮರದ ಹಲಗೆಯ ಕಾಲುಸೇತುವೆ ಬೇಕಾಗಬಹುದು. ಮಾಡಿಸುವಾಗ ಒಂದು ಮಾತು ನೆನಪಿರಲಿ: ಹಲಗೆಗಳನ್ನು ಅಡ್ಡಲಾಗಿ ಜೋಡಿಸಿ, ಉದ್ದಕ್ಕಲ್ಲ. ಉದ್ದಕ್ಕೆ ಜೋಡಿಸಿದ ಹಲಗೆಗಳ ಸಂದಿಯಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡರೆ ಸವಾರ ನೇರವಾಗಿ ಹ್ಯಾಂಡಲ್ ಮೇಲಿಂದ ನೀರಿಗೆ. ಹಲಗೆ ಒದ್ದೆಯಾದರೆ ಸಾಬೂನಿನಂತೆ ಜಾರುತ್ತದೆ, ಮೇಲೊಂದು ತಂತಿ ಬಲೆ ಹೊಡೆಸಿ. ಇನ್ನು ಜಲಾಶಯವಾದರೆ, ಏರಿಯ ಇಳಿಜಾರಿನ ಮೇಲೆ ಮತ್ತು ಕೋಡಿಯ ಬಳಿ ಸೈಕಲ್ ಬಿಡುವುದು ಬೇಡವೇ ಬೇಡ. ಅದು ಮಣ್ಣಿನ ಕಟ್ಟಡ, ಅದರ ಹುಲ್ಲುಹೊದಿಕೆ ಕಿತ್ತರೆ ಆಗುವ ಅನಾಹುತ ಸೈಕಲ್ಲಿಗೆ ಸಂಬಂಧಪಟ್ಟದ್ದಾಗಿ ಉಳಿಯುವುದಿಲ್ಲ.

ಸೈಕಲ್ ಬಂದರೆ ಮಣ್ಣು, ಗಿಡ ಎಲ್ಲ ಹಾಳು ಎಂಬ ಆಕ್ಷೇಪವನ್ನು ಪ್ರತಿ ಸಭೆಯಲ್ಲೂ ಕೇಳಿದ್ದೇವೆ. ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಮೊಂಟಾನಾದಲ್ಲಿ ವಿಲ್ಸನ್ ಮತ್ತು ಸೆನೆ ಎಂಬ ಸಂಶೋಧಕರು ನಡೆಯುವವರು, ಕುದುರೆ, ಮೋಟಾರ್‌ಸೈಕಲ್, ಸೈಕಲ್ ನಾಲ್ಕನ್ನೂ ಹೋಲಿಸಿ 1994ರಲ್ಲಿ ಪ್ರಕಟಿಸಿದರು. ಚಕ್ರಗಳಿಗಿಂತ ಗೊರಸು ಮತ್ತು ಕಾಲು ಹೆಚ್ಚು ಮಣ್ಣನ್ನು ಸಡಿಲಿಸಿದ್ದವು. ಕೆನಡಾದ ಒಂಟಾರಿಯೊದಲ್ಲಿ ಥರ್ಸ್ಟನ್ ಮತ್ತು ರೀಡರ್ ಕಾಡಿನ ಅದೇ ನೆಲದ ಮೇಲೆ ಒಂದು ಕಡೆ ಜನರನ್ನು ನಡೆಸಿ, ಇನ್ನೊಂದು ಕಡೆ ಸೈಕಲ್ ಓಡಿಸಿ, 500 ಸಲದವರೆಗೂ ಎಣಿಸಿ ನೋಡಿದರು. 2001ರಲ್ಲಿ ಬಂದ ಅವರ ಫಲಿತಾಂಶದಲ್ಲಿ ಗಿಡದ ನಷ್ಟದಲ್ಲಾಗಲಿ ಮಣ್ಣು ತೆರೆದುಕೊಳ್ಳುವುದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಇದನ್ನೇ ಹಿಡಿದು ನಮ್ಮವರು ಮೆರೆಯುವುದೂ ಬೇಡ. ಆ ಪ್ರಯೋಗಗಳಲ್ಲಿ ಯಾರೂ ಹಿಂದಿನ ಬ್ರೇಕ್ ಬಿಗಿಹಿಡಿದು ಚಕ್ರ ಎಳೆದುಕೊಂಡು ಹೋಗುವ ಶೋಕಿ ಮಾಡಿರಲಾರರು. ಹಸಿ ಜೇಡಿಮಣ್ಣಿನಲ್ಲಿ ಟೈರು ಎಳೆಯುವ ಉದ್ದ ಗೆರೆ ಮುಂದಿನ ಮಳೆಗೆ ಸಿದ್ಧ ಕಾಲುವೆ. ಹೆಜ್ಜೆಗುರುತು ಅಲ್ಲಲ್ಲಿ ನಿಲ್ಲುತ್ತದೆ, ಚಕ್ರದ ಗುರುತು ಎಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ಮಳೆ ಬಿದ್ದ ಮೇಲೆ ದಾರಿ ಒಣಗುವವರೆಗೆ ಮುಚ್ಚುವ ಅಧಿಕಾರ ನಿಮ್ಮ ಕೈಯಲ್ಲಿರಲಿ. ನಾವೇ ಕೇಳುತ್ತಿದ್ದೇವೆ. ಟೈರು ನೆಲದಲ್ಲಿ ಅಚ್ಚು ಬಿಡುತ್ತಿದೆ ಎಂದರೆ ವಾಪಸ್ ಹೋಗಿ ಎಂಬ ಫಲಕ ಮೊದಲ ತಿರುವಿನಲ್ಲೇ ಇರಲಿ.

ಮಣ್ಣಿಗಿಂತ ಜಟಿಲವಾದದ್ದು ಮನುಷ್ಯರ ನಡುವಿನ ವಿಚಾರ. ನಡೆಯುವವರ ದೂರಿನಲ್ಲಿ ಹುರುಳಿದೆ. ತಿರುವಿನ ಆಚೆಯಿಂದ ಸದ್ದಿಲ್ಲದೆ ಸೈಕಲ್ ನುಗ್ಗಿದರೆ ಎದೆ ಧಸಕ್ಕೆನ್ನುತ್ತದೆ, ವಯಸ್ಸಾದವರಾದರೆ ಬಿದ್ದೇ ಬಿಡಬಹುದು. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಸೈಕಲ್ ಸಾಗುವ ದೂರ ನಾಲ್ಕರಷ್ಟಾಗುತ್ತದೆ. ನಿಮ್ಮ ಮೂರು ಮೀಟರ್ ಅಗಲದ ನೇರ ಕಾಂಕ್ರೀಟು ದಾರಿ ಇದನ್ನು ಬಗೆಹರಿಸುತ್ತದೆ ಎಂದುಕೊಂಡಿದ್ದೀರಿ. ಆಗುವುದು ಉಲ್ಟಾ: ಅಗಲ ನೇರ ದಾರಿ ಕಂಡರೆ ಯಾರಾದರೂ ಜೋರಾಗಿ ತುಳಿಯುತ್ತಾರೆ. ಕಿರಿದಾದ, ಬಳುಕುವ ದಾರಿಯಲ್ಲಿ ಬೇಕೆಂದರೂ ಅಷ್ಟು ವೇಗ ಬರುವುದಿಲ್ಲ. ಕಾಣದ ತಿರುವಿಗೆ ಮುಂಚೆ ಒಂದು ಸಣ್ಣ ಏರು ಇಡಿ, ಅಥವಾ ಎರಡು ಬಂಡೆ ಹತ್ತಿರ ತಂದು ದಾರಿಯನ್ನು ಬಿಗಿ ಮಾಡಿ. ನೂರು 'ನಿಧಾನವಾಗಿ ಚಲಿಸಿ' ಫಲಕಗಳು ಮಾಡದ ಕೆಲಸವನ್ನು ಆ ಎರಡು ಬಂಡೆ ಮಾಡುತ್ತವೆ.

ಹಂಚಿಕೊಳ್ಳುವುದಕ್ಕೆ ದಾರಿಗಳು ಹಲವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರ ಕಂಟ್ರಿಸೈಡ್ ಕಾಯ್ದೆ ಕುದುರೆ ದಾರಿಗಳಲ್ಲಿ ಸೈಕಲ್ಲಿಗೆ ಹಕ್ಕು ಕೊಟ್ಟಿತು, ಜೊತೆಗೇ ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕೆಂಬ ಷರತ್ತನ್ನೂ ಹಾಕಿತು. ಸ್ಕಾಟ್ಲೆಂಡ್ 2003ರ ಭೂಸುಧಾರಣಾ ಕಾಯ್ದೆಯಲ್ಲಿ ಇನ್ನೂ ಮುಂದೆ ಹೋಗಿ, ಹೊಣೆಯರಿತು ನಡೆದುಕೊಳ್ಳುವವರಿಗೆ ಬಹುಪಾಲು ಬಯಲನ್ನೂ ನೀರನ್ನೂ ತೆರೆದುಕೊಟ್ಟಿತು. ಟಾಹೊ ರಿಮ್ ಟ್ರೇಲಿನ ಜನನಿಬಿಡ ತುಣುಕೊಂದರಲ್ಲಿ ಸಮಸಂಖ್ಯೆಯ ತಾರೀಕಿನಂದು ಮಾತ್ರ ಸೈಕಲ್ಲಿಗೆ ಪ್ರವೇಶ. ನಡೆಯುವವರು ಸೈಕಲ್ ಬೇಡವೆನ್ನಿಸಿದರೆ ಬೆಸಸಂಖ್ಯೆಯ ದಿನ ಬರುತ್ತಾರೆ. ಎಷ್ಟು ಸರಳ! ನನ್ನ ಆಯ್ಕೆ ಕೇಳಿದರೆ, ಇಳಿತದ ತುಣುಕುಗಳನ್ನು ಸೈಕಲ್ಲಿಗೆ ಏಕಮುಖ ಮಾಡಿ. ಎದುರುಬದುರು ಬರುವ ಪ್ರಶ್ನೆಯೇ ಹೋಯಿತು. ದ್ವಿಮುಖ ಇದ್ದಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕು, ಏಕೆಂದರೆ ಏರಿನ ನಡುವೆ ಕಾಲೂರಿದವನಿಗೆ ಮತ್ತೆ ಸೈಕಲ್ ಹತ್ತುವುದು ಎಷ್ಟು ಕಷ್ಟವೆಂದು ಹತ್ತಿದವರಿಗೇ ಗೊತ್ತು.

ಸವಾರ ಮಿತ್ರರೇ, ಇದು ನಿಮಗೂ ಸೇರಿ ಬರೆದ ಪತ್ರ. ಬೆಲ್ ಹಾಕಿಸಿ. ಅದು ಮಕ್ಕಳಾಟಿಕೆಯಲ್ಲ. ಕುದುರೆ ಎದುರಾದರೆ ನಿಂತು ಮಾತಾಡಿಸಿ, ಮನುಷ್ಯನ ದನಿ ಕೇಳಿದರೆ ಅದು ಬೆದರುವುದಿಲ್ಲ. ಒಂದು ಊರಿನ ಗುಡ್ಡದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಟೈರಿನ ಕೆಸರು ತೊಳೆಯಿರಿ, ಕಳೆಯ ಬೀಜವೂ ಮರದ ಬೇರಿಗೆ ಹತ್ತುವ ರೋಗವೂ ಆ ಕೆಸರಿನಲ್ಲೇ ಪ್ರಯಾಣ ಮಾಡುತ್ತವೆ. ಸೊಂಟದೆತ್ತರದ ಜಿಗಿತದ ದಿಬ್ಬವನ್ನು ರಾತ್ರೋರಾತ್ರಿ ಕಟ್ಟಿ ಬೆಳಿಗ್ಗೆ ವೀಡಿಯೊ ಹಾಕುವವರಿಗಂತೂ ಒಂದೇ ಮಾತು: ನಾಲ್ಕು ವರ್ಷ ಓಡಾಡಿ ಪಡೆದ ಅನುಮತಿಯನ್ನು ಹದಿನೈದು ಸೆಕೆಂಡಿನಲ್ಲಿ ಕಳೆಯುತ್ತಿದ್ದೀರಿ.

ಮತ್ತೆ ಅಧಿಕಾರಿಗಳಿಗೆ. ಸುಲಭವೋ ಕಷ್ಟವೋ ನೋಡಿ ದಾರಿಗಳಿಗೆ ದರ್ಜೆ ಕೊಡುವುದು ಮರೆಯಬೇಡಿ. ಸುಲಭದಿಂದ ಕಷ್ಟಕ್ಕೆ ಏರುವ ಬ್ರಿಟನ್ನಿನ ಹಸಿರು, ನೀಲಿ, ಕೆಂಪು, ಕಪ್ಪು ಆಗಬಹುದು, ನ್ಯೂಜಿಲೆಂಡಿನ ಒಂದರಿಂದ ಆರರ ಕ್ರಮವಾದರೂ ಸರಿ, ಯಾವುದಾದರೂ ಒಂದನ್ನು ಹಿಡಿದು ಎಲ್ಲೆಡೆ ಅದನ್ನೇ ಬಳಸಿ. ಸುಲಭದ ಸುತ್ತು ವಾಹನ ನಿಲ್ಲಿಸುವ ಜಾಗದ ಹತ್ತಿರ ಇರಲಿ, ಅದರ ಬೆನ್ನಿಗೆ ನಡುಮಟ್ಟದ್ದು, ಕಷ್ಟದ್ದು ಎಲ್ಲಕ್ಕಿಂತ ಆಚೆ. ಹೊಸಬ ತಪ್ಪಿ ಕಪ್ಪು ದರ್ಜೆಯ ದಾರಿಗೆ ಬೀಳುವುದಿಲ್ಲ, ಪಳಗಿದವನು ಮಕ್ಕಳ ನಡುವೆ ನುಗ್ಗುವುದಿಲ್ಲ. ಪ್ರತಿ ಕವಲಿನಲ್ಲೂ ನಂಬರ್ ಹಾಕಿದ ಗೂಟ ಬೇಕು. ಕಾಲು ಮುರಿದುಕೊಂಡವನು ಫೋನಿನಲ್ಲಿ 'ಒಂದು ದೊಡ್ಡ ಮರದ ಹತ್ತಿರ ಇದ್ದೇನೆ' ಅಂದರೆ ಆಂಬುಲೆನ್ಸ್‌ನವರು ಏನು ಮಾಡಬೇಕು? ಬ್ಯಾಟರಿ ಸೈಕಲ್ ಬಿಡಬೇಕೋ ಬೇಡವೋ ಎಂಬ ಜಗಳವೂ ಬರುತ್ತದೆ. ಯುರೋಪಿನ ಮಿತಿಯಂತೆ 250 ವ್ಯಾಟ್ ಮೋಟಾರ್, ತುಳಿದರಷ್ಟೇ ಸಹಾಯ, ಗಂಟೆಗೆ 25 ಕಿ.ಮೀ. ದಾಟಿದರೆ ಅದೂ ಬಂದ್ ಎನ್ನುವುದಾದರೆ ನನಗೆ ತಕರಾರಿಲ್ಲ. ನಮ್ಮ ಗುಂಪಿನಲ್ಲೇ ಇದನ್ನು ಒಪ್ಪದವರಿದ್ದಾರೆ.

ನಿರ್ವಹಣೆ ಯಾರ ಹೊಣೆ ಎಂಬುದನ್ನು ಈಗಲೇ ಬರೆದುಕೊಳ್ಳೋಣ. ಮಣ್ಣಿನ ದಾರಿ ಮಾಡಿ ಮರೆತುಬಿಡುವ ವಸ್ತುವಲ್ಲ. ಓಡಾಟದಿಂದ ನಡು ತಗ್ಗಾಗಿ ಹೊರ ಅಂಚಿನಲ್ಲಿ ಮಣ್ಣಿನ ದಿಂಡು ಏಳುತ್ತದೆ, ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಆ ದಿಂಡು ಕಡಿದು ತೆಗೆಯಬೇಕು, ತಗ್ಗಿನ ಬಾಯಿಯ ಹೂಳು ಎತ್ತಬೇಕು, ಬಿದ್ದ ಮರ ಕೊಯ್ಯಬೇಕು. ಗುದ್ದಲಿ, ಕೊಡಲಿ ನಾವು ತರುತ್ತೇವೆ. ನಿಮ್ಮಿಂದ ಬೇಕಾದದ್ದು ಲಿಖಿತ ಒಪ್ಪಿಗೆ, ಕೆಲಸ ಮಾಡುವವರಿಗೆ ವಿಮೆ, ಮಾತಾಡಲು ಸಿಗುವ ಒಬ್ಬ ಅಧಿಕಾರಿ. ಆ ಅಧಿಕಾರಿಯ ವರ್ಗಾವಣೆಯಾದರೆ ಕಡತ ಮುಂದಿನವರ ಕೈಗೆ ಸಿಗುವಂತೆ ದಯವಿಟ್ಟು ನೋಡಿಕೊಳ್ಳಿ. ಮೊದಲಿಂದ ಮತ್ತೆ ಹೇಳುವ ತಾಳ್ಮೆ ನಮ್ಮಲ್ಲಿ ಕೆಲವರಿಗೆ ಈಗಾಗಲೇ ಮುಗಿದಿದೆ.

ಟೆಂಡರ್ ಕರೆಯುವ ಮುನ್ನ ಒಂದು ಕೆಲಸ ಮಾಡಿ. ನಕ್ಷೆಯ ಮೇಲೆ ಹೊಸ ಗೆರೆ ಎಳೆದಾದ ಮೇಲೆ ಅದನ್ನು ನೆಲದ ಮೇಲೆ ಬಣ್ಣದ ರಿಬ್ಬನ್ ಕಟ್ಟಿ ಗುರುತಿಸೋಣ. ಇಳಿಜಾರು ಅಳೆಯುವ ಕ್ಲೈನೋಮೀಟರ್ ನಮ್ಮ ಹತ್ತಿರ ಇದೆ. ಜೋರು ಮಳೆ ಬಿದ್ದ ದಿನ ನಿಮ್ಮ ಎಂಜಿನಿಯರ್, ಹಕ್ಕಿಗಳನ್ನು ಬಲ್ಲ ಒಬ್ಬರು, ನಡಿಗೆಯವರ ಕಡೆಯಿಂದ ಒಬ್ಬರು, ನಾವು ಇಬ್ಬರು ಛತ್ರಿ ಹಿಡಿದು ಆ ರಿಬ್ಬನ್ ಹಿಂದೆ ಪೂರ್ತಿ ನಡೆಯೋಣ. ನೀರು ಎಲ್ಲಿ ಗೆರೆಯನ್ನು ದಾಟುತ್ತದೆ, ಎಲ್ಲಿ ಗೆರೆಯನ್ನೇ ಹಿಡಿಯುತ್ತದೆ ಎಂಬುದು ಅಲ್ಲೇ ಕಾಣುತ್ತದೆ. ಹಿಡಿದ ಕಡೆಯೆಲ್ಲ ರಿಬ್ಬನ್ ಬಿಚ್ಚಿ ಬೇರೆ ಮರಕ್ಕೆ ಕಟ್ಟಿದರೆ ಸಾಕು. ದಿನ ನೀವೇ ಹೇಳಿ.

ಇಂತಿ,
ಗುಡ್ಡದ ದಾರಿಯ ಸವಾರರ ಪರವಾಗಿ ಒಬ್ಬ